ಸಂಸ್ಥೆಯವರೇ, ನಿಮ್ಮ ವರದಿ ಮೊದಲು ನಮ್ಮೂರ ಕಟ್ಟೆ ಮೇಲೆ ಓದಿ



ಮೂರು ದಿನದಿಂದ ಸೋನೆ ಹಿಡ್ಕೊಂಡಿದೆ. ರಾಗಿ ಹೊಲಕ್ಕೆ ಎಡೆಕುಂಟೆ ಹೊಡೆಯೋ ಹಂಗಿಲ್ಲ, ತೋಟದಲ್ಲಿ ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಬಹಳ ದಿನದಿಂದ ಬರೀಬೇಕು ಅಂತಿದ್ದ ವಿಷಯ ಇವತ್ತು ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ. ಕೆಲವರಿಗೆ ಕೋಪ ಬರಬಹುದು, ಬರಲಿ.

ವಿಷಯ ಏನಂದ್ರೆ, ನಮ್ಮ ಊರುಗಳಿಗೆ ಬರೋ ಸ್ವಯಂಸೇವಾ ಸಂಸ್ಥೆಗಳಿಗೆ, ಅಂದ್ರೆ ನಾವು ಎನ್‌ಜಿಒದೋರು ಅಂತೀವಲ್ಲ ಅವರಿಗೆ, ನಮ್ಮ ಹತ್ರ ಮಾತಾಡೋಕೆ ಬರಲ್ಲ. ಕೆಲಸ ಬರಲ್ಲ ಅಂತ ನಾನು ಹೇಳ್ತಿಲ್ಲ. ಬದು ಹಾಕಿದ್ದಾರೆ, ಹೊಂಡ ತೆಗೆಸಿದ್ದಾರೆ, ಗಿಡ ಕೊಟ್ಟಿದ್ದಾರೆ, ಹೆಣ್ಣುಮಕ್ಕಳ ಸಂಘ ಕಟ್ಟಿದ್ದಾರೆ. ದುಡ್ಡು ತಿನ್ನೋರೂ ಇದ್ದಾರೆ, ಅದು ಬೇರೆ ಕಥೆ. ಇವತ್ತು ನಾನು ಬರೀತಿರೋದು ಪ್ರಾಮಾಣಿಕವಾಗಿ ಕೆಲಸ ಮಾಡೋರ ಬಗ್ಗೆ. ಅವರ ಒಳ್ಳೆ ಕೆಲಸ ಅರ್ಧಕ್ಕರ್ಧ ಹಾಳಾಗ್ತಿರೋದು ಮಾತಿನಿಂದ. ಮಾತು ಸರಿ ಹೋಗದಿದ್ರೆ ಆ ಕೆಲಸಕ್ಕೆ ಹಾಕಿದ ದುಡ್ಡು ಹಳ್ಳಕ್ಕೆ ಹಾಕಿದಂಗೆ. ಹಳ್ಳಕ್ಕೆ ಅಂತ ಸುಮ್ಮನೆ ಹೇಳ್ತಿಲ್ಲ, ಕೇಳಿ.

ಒಂದು ವಾಕ್ಯಕ್ಕೆ ಮೂರು ಗುಂಟೆ

ಏಳೆಂಟು ವರ್ಷದ ಹಿಂದೆ ನಮ್ಮ ಊರಲ್ಲಿ ಒಂದು ಸಂಸ್ಥೆ ಜಲಾನಯನ ಕೆಲಸ ಮಾಡಿ ಹೋಯ್ತು. ಹೆಸರು ಬೇಡ. ಕೆಲಸ ಚೆನ್ನಾಗೇ ಇತ್ತು. ಹಳ್ಳಕ್ಕೆ ಚೆಕ್ ಡ್ಯಾಮ್ ಕಟ್ಟಿದ್ರು, ಸಿಮೆಂಟು ಕದೀಲಿಲ್ಲ, ಕೂಲಿ ಸರಿಯಾಗಿ ಕೊಟ್ರು. ಎರಡು ವರ್ಷ ಹಳ್ಳದ ಅಕ್ಕಪಕ್ಕದ ಬೋರುಗಳಲ್ಲಿ ನೀರು ಚೆನ್ನಾಗಿತ್ತು.

ಮೂರನೇ ವರ್ಷ ಚಿತ್ತೆ ಮಳೆ ಜೋರಾಗಿ ಬಂದು ಕಟ್ಟೆಯ ಮಗ್ಗುಲು ಕೊರೀತು. ಸಣ್ಣ ಕೊರಕಲು. ಒಂದು ದಿನ ಜೆಸಿಬಿ ತಂದು ಮಣ್ಣು ತುಂಬಿ ಕಲ್ಲು ಪಿಚ್ಚಿಂಗ್ ಮಾಡಿದ್ರೆ ಮುಗೀತಿತ್ತು. ಊರಲ್ಲಿ ಎಲ್ಲರೂ "ಸಂಸ್ಥೆಯವರು ಬಂದು ಮಾಡ್ತಾರೆ" ಅಂತ ಕೂತ್ರು. ಕ್ಷೇತ್ರ ಸಿಬ್ಬಂದಿ ಹುಡುಗನಿಗೆ ಫೋನ್ ಮಾಡಿದ್ರೆ ಅವನು ಕೆಲಸ ಬಿಟ್ಟು ರಾಯಚೂರು ಕಡೆ ಬೇರೆ ಸಂಸ್ಥೆಗೆ ಹೋಗಿದ್ದ. ಪಂಚಾಯ್ತಿಯವರು ನಮ್ಮದಲ್ಲ ಅಂದ್ರು. ಮಾರನೇ ವರ್ಷ ನೀರು ಕಟ್ಟೆ ಬಿಟ್ಟು ಪಕ್ಕದಲ್ಲೇ ದಾರಿ ಮಾಡ್ಕೊಂಡು, ಕೆಳಗಿನ ಹೊಲದ ಅಜ್ಜನ ಮೂರು ಗುಂಟೆ ನೆಲ, ಫಸಲಿಗೆ ಬಂದಿದ್ದ ಎರಡು ತೆಂಗಿನ ಮರ ಹೊತ್ಕೊಂಡು ಹೋಯ್ತು. ಕಟ್ಟೆ ಈಗಲೂ ನಿಂತಿದೆ. ನೀರು ಮಾತ್ರ ಪಕ್ಕದಲ್ಲಿ ಹೋಗುತ್ತೆ.

ಆಮೇಲೆ ಊರಿನ ಒಬ್ಬ ಡಿಪ್ಲೊಮಾ ಓದೋ ಹುಡುಗ ಮೊಬೈಲಲ್ಲಿ ಆ ಯೋಜನೆಯ ವರದಿ ಹುಡುಕಿ ತೆಗೆದ. ದಪ್ಪ ವರದಿ, ಪೂರ್ತಿ ಇಂಗ್ಲಿಷು. ಅದರ ಕೊನೇ ಅನುಬಂಧದಲ್ಲಿ ಇದೆ: ನಿರ್ವಹಣೆಗೆ ಅಂತ ಒಂದು ನಿಧಿ ಮಾಡಿ ಊರಿನ ಸಮಿತಿ ಹೆಸರಲ್ಲಿ ಬ್ಯಾಂಕಿನಲ್ಲಿ ಇಟ್ಟಿದ್ದಾರೆ! ಆ ದುಡ್ಡು ಎಲ್ಲಿಂದ ಬಂತು ಗೊತ್ತಾ? ನಮ್ಮ ಹೊಲದಲ್ಲಿ ಬದು ಹಾಕಿದಾಗ ನಮ್ಮಿಂದ ವಂತಿಗೆ ಅಂತ ತಗೊಂಡಿದ್ರಲ್ಲ, ಅದೇ ದುಡ್ಡು. ನಮ್ಮದೇ ದುಡ್ಡು ಬ್ಯಾಂಕಿನಲ್ಲಿ ಮಲಗಿತ್ತು, ನಮ್ಮ ಅಜ್ಜನ ಮಣ್ಣು ಹಳ್ಳದಲ್ಲಿ ಹರೀತಿತ್ತು.

ಸಮಿತಿಯ ಹಳೇ ಅಧ್ಯಕ್ಷರನ್ನ ಕೇಳಿದ್ವಿ. ಪಾಸ್‌ಬುಕ್ ಅವರ ಮನೆ ಬೀರುವಿನಲ್ಲೇ ಇತ್ತು. "ಅದು ಸಂಸ್ಥೆ ದುಡ್ಡು ಅಂದ್ಕೊಂಡಿದ್ದೆ ಕಣಪ್ಪ, ಮುಟ್ಟಬಾರದು ಅಂತ ಜೋಪಾನವಾಗಿ ಇಟ್ಟಿದ್ದೆ" ಅಂದ್ರು. ಪಾಪ, ಆ ಮನುಷ್ಯ ಒಂದು ರೂಪಾಯಿ ಮುಟ್ಟಿರಲಿಲ್ಲ. ಸಂಸ್ಥೆಯವರೂ ಮೋಸ ಮಾಡಿರಲಿಲ್ಲ. ಕೊನೇ ಸಭೆಯಲ್ಲಿ ಹೇಳಿಯೂ ಇದ್ದರಂತೆ, ನಡಾವಳಿ ಪುಸ್ತಕದಲ್ಲಿ ಬರೆದಿದೆ. ಹೆಂಗೆ ಬರೆದಿದೆ ಅಂದ್ರೆ: "ಯೋಜನೋತ್ತರ ಸುಸ್ಥಿರತೆಯ ದೃಷ್ಟಿಯಿಂದ ಸಮುದಾಯ ನಿರ್ವಹಣಾ ನಿಧಿಯನ್ನು ಹಸ್ತಾಂತರಿಸಲಾಯಿತು." ಕೆಳಗೆ ನಲವತ್ತು ಜನರ ಸಹಿ, ಹೆಬ್ಬೆಟ್ಟು.

ನೀವೇ ಹೇಳಿ, ಈ ವಾಕ್ಯ ಕೇಳಿ ಯಾರಿಗೆ ಏನು ತಿಳೀಬೇಕು? ಇದನ್ನೇ "ನೋಡ್ರಪ್ಪ, ಈ ಕಟ್ಟೆ ಕಿತ್ತುಹೋದ್ರೆ ನಾವು ಬರಲ್ಲ. ರಿಪೇರಿಗೆ ನಿಮ್ಮದೇ ದುಡ್ಡು ಇಂಥ ಬ್ಯಾಂಕಿನಲ್ಲಿದೆ, ಇಂಥ ಇಬ್ಬರು ಸಹಿ ಹಾಕಿ ತೆಗೀಬಹುದು" ಅಂತ ಹೇಳಿದ್ರೆ ಅಜ್ಜನ ಹೊಲ ಉಳೀತಿತ್ತು. ಎರಡು ಸಾಲು. ಪೇಪರಿಗೆ ಖರ್ಚೂ ಇಲ್ಲ.

ಈ ವಿಷಯವನ್ನ ಸಂಸ್ಥೆಗಳು "ಸಂವಹನ" ಅಂತಾರೆ. ಅದಕ್ಕೆ ಅಂತ ಪಟ್ಟಣದಲ್ಲಿ ತರಬೇತಿ ನಡೆಯುತ್ತೆ. ಅಲ್ಲಿ ಕಲಿಸೋದು ದಾನಿಗಳಿಗೆ ಹೆಂಗೆ ಬರೀಬೇಕು, ವಿಡಿಯೋ ಹೆಂಗೆ ಮಾಡಬೇಕು, ಜಾಲತಾಣದಲ್ಲಿ ಹೆಂಗೆ ಎದ್ದು ಕಾಣಬೇಕು ಅಂತ. ಊರಲ್ಲಿ ನಿಂತು ಎರಡು ಸಾಲು ನೆಟ್ಟಗೆ ಹೇಳೋದನ್ನ ಯಾರು ಕಲಿಸ್ತಾರೆ?

ಯಾಕೆ ಹಿಂಗೆ?

ಇದಕ್ಕೆ ಕಾರಣ ಅವರ ಕೆಟ್ಟ ಬುದ್ಧಿ ಅಲ್ಲ. ದುಡ್ಡು ಯಾವ ಕಡೆಯಿಂದ ಬರುತ್ತೋ ಮಾತು ಆ ಕಡೆಗೇ ಹೋಗುತ್ತೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ವರ್ಷಕ್ಕೆ 1000 ಕೋಟಿ ವಹಿವಾಟು, ಇಲ್ಲಾ 500 ಕೋಟಿ ನಿವ್ವಳ ಆಸ್ತಿ, ಇಲ್ಲಾ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಒಂದು ಇದ್ದರೂ ಸಾಕು, ಆ ಕಂಪನಿಗೆ ಈ ಕಾಯ್ದೆ ಬೀಳುತ್ತೆ. ನಮ್ಮೂರ ಹೊಂಡದ ಪಕ್ಕ, ಶಾಲೆ ಶೌಚಾಲಯದ ಮೇಲೆ ಕಂಪನಿ ಹೆಸರಿನ ಬೋರ್ಡು ನೋಡ್ತೀವಲ್ಲ, ಆ ದುಡ್ಡು ಬಹುಪಾಲು ಹಿಂಗೆ ಬಂದದ್ದು.

ಕಂಪನಿ ಅದರ ಲೆಕ್ಕ ತನ್ನ ವಾರ್ಷಿಕ ವರದಿಯಲ್ಲಿ ತೋರಿಸಬೇಕು. 2021ರಲ್ಲಿ ನಿಯಮ ಇನ್ನೂ ಬಿಗಿ ಆಯ್ತು. ಈ ಬಾಬ್ತಿಗೆ ಸರಾಸರಿ 10 ಕೋಟಿ ಅಥವಾ ಮೇಲೆ ಖರ್ಚು ಮಾಡಬೇಕಾದ ಕಂಪನಿಗಳು, 1 ಕೋಟಿ ಮತ್ತು ಮೇಲ್ಪಟ್ಟ ಯೋಜನೆಗಳಿಂದ ಏನು ಪರಿಣಾಮ ಆಯ್ತು ಅಂತ ಹೊರಗಿನವರಿಂದ ಅಧ್ಯಯನ ಮಾಡಿಸಬೇಕು. ಆ ವರದಿ ಕಂಪನಿ ಬೋರ್ಡಿನ ಮುಂದೆ ಇಡಬೇಕು, ವಾರ್ಷಿಕ ವರದಿಗೆ ಲಗತ್ತಿಸಬೇಕು ಅಂತಿದೆ. ಕೆಲಸ ನಡೆದ ಊರಿನವರ ಮುಂದೆ ಓದಬೇಕು ಅಂತ ಆ ನಿಯಮದಲ್ಲಿ ಇಲ್ಲ.

ಹಂಗಾಗಿ ಸಂಸ್ಥೆಯವರ ಗಮನವೆಲ್ಲ ಮೇಲಕ್ಕೆ. ಅವರ ಇಂಗ್ಲಿಷು ಹರಿತ ಆಗ್ತಾ ಹೋಗುತ್ತೆ, ಕನ್ನಡ ತುಕ್ಕು ಹಿಡಿಯುತ್ತೆ. ಇಂಗ್ಲಿಷಿನಲ್ಲಿ ಬರೆದ ಪ್ರಸ್ತಾವನೆಯನ್ನ ಯಾರೋ ಪದಕ್ಕೆ ಪದ ಕನ್ನಡಕ್ಕೆ ಇಳಿಸ್ತಾರೆ, ಅದನ್ನ ಹಿಡ್ಕೊಂಡು ಹುಡುಗ ಹುಡುಗೀರು ನಮ್ಮ ಮುಂದೆ ನಿಲ್ತಾರೆ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಬಹಳಷ್ಟು ಜನ ರೈತರ ಮಕ್ಕಳೇ. ಸಭೆ ಮುಗಿದ ಮೇಲೆ ಟೀ ಕುಡೀತಾ ಅದೇ ವಿಷಯ ಎಷ್ಟು ಚೆನ್ನಾಗಿ ಹೇಳ್ತಾರೆ ಅಂದ್ರೆ, "ಇದನ್ನೇ ಮೈಕಲ್ಲಿ ಹೇಳಬಾರದಿತ್ತಾ ಮಗ" ಅನ್ಸುತ್ತೆ. ಮೈಕ್ ಹಿಡಿದ ತಕ್ಷಣ ಅವರ ಬಾಯಿಗೆ ಆಫೀಸು ಬಂದು ಕೂರುತ್ತೆ.

ಫಲಾನುಭವಿ ಅಂದ್ರೆ ಯಾರು?

ನಾವೇ. ಹೊಲ ನಮ್ಮದು, ಬೆವರು ನಮ್ಮದು, ವಂತಿಗೆ ನಮ್ಮದು, ಆದರೂ ಅವರ ಕಡತದಲ್ಲಿ ನಾವು ಫಲಾನುಭವಿಗಳು. ಯಾರೋ ಬೆಳೆದ ಹಣ್ಣನ್ನ ನಾವು ಕೂತು ತಿಂದಂಗೆ.

ಇನ್ನೂ ಇವೆ. "ಸಾಮರ್ಥ್ಯ ವರ್ಧನೆ." ಅಂದ್ರೆ ತರಬೇತಿ. "ಭಾಗೀದಾರರ ಸಮಾಲೋಚನೆ." ಅಂದ್ರೆ ಊರಿನ ಸಭೆ. "ಹವಾಮಾನ ಸ್ಥಿತಿಸ್ಥಾಪಕತ್ವ." ಇದನ್ನ ನಾನು ಮೂರು ಸಲ ಓದಿದೆ. ಮಳೆ ಕೈಕೊಟ್ರೂ ಮನೆ ನಡೆಯೋ ಹಂಗೆ ಬೇಸಾಯ ಮಾಡೋದು ಅಂತ ಅರ್ಥ. ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಅವರೆ, ಹುಚ್ಚೆಳ್ಳು, ಜೋಳ ಹಾಕ್ತಿದ್ದ ನಮ್ಮಜ್ಜಿಗೆ ಈ ಪದ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ನಮ್ಮ ಮಾತಲ್ಲಿ ಹೇಳಿದ್ರೆ "ಅಯ್ಯೋ ಇದು ನಮಗೆ ಗೊತ್ತು, ನಾವೇ ಬಿಟ್ಟಿದ್ದು" ಅಂತ ನಾಲ್ಕು ಜನ ಮಾತು ಶುರು ಮಾಡ್ತಾರೆ. ದೊಡ್ಡ ಪದ ಹಾಕಿದ್ರೆ ಎಲ್ಲರೂ ಸುಮ್ಮನಾಗ್ತಾರೆ. ಸುಮ್ಮನೆ ಕೂತಿದ್ದನ್ನ ನೋಡಿ ಒಪ್ಪಿದ್ದಾರೆ ಅಂತ ಬರ್ಕೊಂಡು ಹೋಗ್ತಾರೆ.

ಅಳತೆಯೂ ಹಂಗೇ. ಕರಪತ್ರದಲ್ಲಿ "ಹೆಕ್ಟೇರಿಗೆ 50 ಕೆಜಿ" ಅಂತ ಇರುತ್ತೆ. ನಮ್ಮ ಕಡೆ ಯಾರು ಸ್ವಾಮಿ ಹೆಕ್ಟೇರಲ್ಲಿ ಲೆಕ್ಕ ಹಾಕೋರು? 50 ಕೆಜಿ ಅಂದ್ರೆ ಎಕರೆಗೆ 20, ಗುಂಟೆಗೆ ಅರ್ಧ ಕೆಜಿ. ಹದಿನೈದು ಗುಂಟೆ ಇರೋನು ಇದನ್ನ ಓದಿದ ತಕ್ಷಣ ಏಳೂವರೆ ಕೆಜಿ ಅಂತ ಹೇಳ್ತಾನೆ. ಹೆಕ್ಟೇರು ಅಂದ್ರೆ ಅಂಗಡಿಯವನನ್ನ ಕೇಳ್ತಾನೆ. ಅಂಗಡಿಯವನು ಒಂದು ಮೂಟೆ ಜಾಸ್ತೀನೇ ಹೇಳ್ತಾನೆ.

ಕೃಷಿ ಹೊಂಡದ್ದು ಕೇಳಿ. ಬೋರ್ಡಲ್ಲಿ 10×10×3 ಮೀಟರ್ ಅಂತ ಬರೆದಿರ್ತಾರೆ. ಗುಣಿಸಿದ್ರೆ 300 ಘನ ಮೀಟರ್, ಅಂದ್ರೆ 3 ಲಕ್ಷ ಲೀಟರ್. ಓದಿದವನು ಅಷ್ಟು ನೀರು ಸಿಗುತ್ತೆ ಅಂದ್ಕೊಳ್ತಾನೆ. ಆದರೆ ಹೊಂಡದ ದಡ ನೆಟ್ಟಗೆ ಇರಲ್ಲ, ಕುಸೀದಂಗೆ ಓರೆ ಇಳಿಸಿರ್ತಾರೆ. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಓರೆ ಕೊಟ್ರೆ ತಳದಲ್ಲಿ 4×4 ಮೀಟರ್ ಮಾತ್ರ ಉಳಿಯುತ್ತೆ. ಆಗ ಹಿಡಿಯೋದು 156 ಘನ ಮೀಟರ್, ಸುಮಾರು ಒಂದೂವರೆ ಲಕ್ಷ ಲೀಟರ್. 5000 ಲೀಟರಿನ ಟ್ಯಾಂಕರಲ್ಲಿ 31 ಲೋಡು. ಒಂದು ಎಕರೆಗೆ ಹಾಯಿಸಿದ್ರೆ ಒಂದೂವರೆ ಇಂಚು ಮಳೆ ಬಿದ್ದಷ್ಟು. ಇಂಗೋದು, ಆವಿ ಆಗೋದು ಬೇರೆ. ಅಂದ್ರೆ ತೆನೆ ಬರೋ ಹೊತ್ತಿಗೆ ಮಳೆ ಹೋದ್ರೆ ಒಂದು ಎಕರೆ ರಾಗಿಗೆ ಒಂದು ಸಲ ನೀರು. ಅಷ್ಟೇ. ಅದು ಕಡಿಮೆ ಅಲ್ಲ, ಒಂದು ನೀರಲ್ಲಿ ಬೆಳೆ ಉಳಿಯುತ್ತೆ. ಆದರೆ ಬೋರ್ಡ್ ಮೇಲೆ "31 ಟ್ಯಾಂಕರ್ ನೀರು, ಒಂದು ಎಕರೆಗೆ ಒಂದು ಸಲ" ಅಂತ ಬರೆದ್ರೆ ಹೊಂಡ ನೆಚ್ಚಿಕೊಂಡು ಯಾರೂ ಎರಡೆಕರೆಗೆ ಟೊಮೆಟೊ ಹಾಕಲ್ಲ.

ಮುಖ್ಯವಾದ್ದು ಕೊನೇಲಿ

ತೆಂಗಿನ ಕಪ್ಪುತಲೆ ಹುಳದ ವಿಷಯ ತಗೊಳ್ಳಿ. ನಮ್ಮ ಕಡೆ ಗರಿ ಸುಟ್ಟಂಗೆ ಆಗೋದು ಎಲ್ಲರೂ ನೋಡಿದ್ದೀವಿ. ಅದಕ್ಕೆ ಗೋನಿಯೋಜಸ್ ಅನ್ನೋ ಸಣ್ಣ ಕಣಜ ಬಿಡ್ತಾರೆ. ಅದು ಕಪ್ಪುತಲೆ ಹುಳದ ಮೇಲೆ ಮೊಟ್ಟೆ ಇಟ್ಟು ಅದನ್ನ ಸಾಯಿಸುತ್ತೆ. ಒಳ್ಳೆ ಕೆಲಸ. ಈ ಬಗ್ಗೆ ನನ್ನ ಕೈಗೆ ಬಂದ ಒಂದು ಕರಪತ್ರ ನೋಡಿದೆ. ಮೊದಲನೇ ಪುಟ ಪೂರ್ತಿ ಸಂಸ್ಥೆಯ ಹೆಸರು, ಲಾಂಛನ, ಪ್ರಾಯೋಜಕರ ಲಾಂಛನ, ನಿರ್ದೇಶಕರ ಸಂದೇಶ. ಎರಡನೇ ಪುಟದಲ್ಲಿ ಹುಳದ ವೈಜ್ಞಾನಿಕ ಹೆಸರು, ಜೀವನಚಕ್ರ. ಮೂರನೇ ಪುಟದಲ್ಲಿ "ಪರೋಪಜೀವಿ ಕೀಟಗಳ ಬಿಡುಗಡೆ." ಕೊನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಬಿಡುಗಡೆ ಮಾಡಿದ ತೋಟದಲ್ಲಿ ಕೀಟನಾಶಕ ಸಿಂಪಡಿಸಬಾರದು.

ಅಯ್ಯಾ, ಅದೇ ಅಲ್ವಾ ಮೊದಲು ಹೇಳಬೇಕಾದ್ದು! ಇವತ್ತು ಕಣಜ ಬಿಟ್ಟು ನಾಳೆ ಔಷಧಿ ಹೊಡೆದ್ರೆ ಕಣಜವೂ ಸಾಯುತ್ತೆ. ಇನ್ನೊಂದು ಮಾತು ಕರಪತ್ರದಲ್ಲಿ ಇರಲೇ ಇಲ್ಲ: ಒಬ್ಬನೇ ಬಿಟ್ರೆ ಸಾಲದು, ಅಕ್ಕಪಕ್ಕದ ತೋಟದವರೂ ಸೇರಿ ಬಿಡಬೇಕು, ಇಲ್ಲದಿದ್ರೆ ಪಕ್ಕದ ತೋಟದಿಂದ ಹುಳ ಮತ್ತೆ ಬರುತ್ತೆ. ರೈತನ ಮನಸ್ಸಲ್ಲಿ ಇರೋ ಪ್ರಶ್ನೆಗಳಿಗೂ ಉತ್ತರ ಇಲ್ಲ. ಈ ಕಣಜ ಮನುಷ್ಯರಿಗೆ ಕಚ್ಚುತ್ತಾ, ದನಕ್ಕೆ ಏನಾದ್ರೂ ಆಗುತ್ತಾ, ಎಷ್ಟು ದಿನಕ್ಕೆ ಗೊತ್ತಾಗುತ್ತೆ, ಎಷ್ಟು ಸಲ ಬಿಡಬೇಕು, ದುಡ್ಡು ಎಷ್ಟು. ಇದು ಗೊತ್ತಾಗದೆ ಜನ "ಬಿಟ್ವಿ, ಏನೂ ಆಗ್ಲಿಲ್ಲ" ಅಂತಾರೆ. ಹೆಸರು ಕೆಟ್ಟಿದ್ದು ಕಣಜದ್ದು, ತಪ್ಪು ಕರಪತ್ರದ್ದು.

ಹೊತ್ತಿನ ವಿಷಯವೂ ಹೇಳಬೇಕು. ಸಭೆ ಬೆಳಗ್ಗೆ ಹನ್ನೊಂದಕ್ಕೆ ಇಡ್ತಾರೆ. ಕಳೆ ಕೀಳೋ ದಿನದಲ್ಲಿ ಹನ್ನೊಂದಕ್ಕೆ ಯಾರು ಮನೇಲಿ ಇರ್ತಾರೆ? ಮಹಿಳೆಯರ ಭಾಗವಹಿಸುವಿಕೆ ಬೇಕು ಅಂತಾರೆ, ಸಂಜೆ ಡೇರಿಗೆ ಹಾಲು ಹಾಕೋ ಹೊತ್ತಿಗೆ ಸರಿಯಾಗಿ ಕರೀತಾರೆ. ರಾತ್ರಿ ಊಟ ಆದ ಮೇಲೆ ಏಳೂವರೆ ಎಂಟಕ್ಕೆ ಬನ್ನಿ, ಅರ್ಧ ಊರು ಕೂರುತ್ತೆ. ಅವರಿಗೆ ಆಗಲ್ಲ, ವಾಪಸ್ ಪಟ್ಟಣಕ್ಕೆ ಬಸ್ಸಿಲ್ಲ. ತಿಂಗಳಿಗೆ ಒಂದು ರಾತ್ರಿ ನಮ್ಮೂರಲ್ಲೇ ಉಳ್ಕೊಳ್ಳಿ, ಮುದ್ದೆ ಸಾರಿಗೇನು ಬರ ಇಲ್ಲ.

ನಗಬೇಡಿ ಅಂದ್ರಂತೆ

ಪಕ್ಕದ ಊರಿನ ಒಬ್ಬ ಹೆಣ್ಣುಮಗಳ ಫೋಟೋ ಒಂದು ಸಂಸ್ಥೆಯ ಪುಸ್ತಕದಲ್ಲಿ ಬಂದಿತ್ತು. ಬಿರುಕು ಬಿಟ್ಟ ಕೆರೆ ಅಂಗಳ, ಸಪ್ಪೆ ಮುಖ, ಖಾಲಿ ಕೊಡ. ಆಕೆ ನಮ್ಮ ಕಡೆ ಹೈನುಗಾರಿಕೆಯಲ್ಲಿ ಒಳ್ಳೆ ಹೆಸರು ಮಾಡಿದಾಕೆ, ನಾಲ್ಕು ಹಸು ಕಟ್ಟಿ ಇಬ್ಬರು ಮಕ್ಕಳನ್ನ ಓದಿಸಿದಾಕೆ. ಏನಮ್ಮಾ ಹಿಂಗೆ ಅಂದ್ರೆ, "ಫೋಟೋ ತೆಗೆಯೋನು ನಗಬೇಡಿ ಅಕ್ಕಾ ಅಂದ, ಕೊಡ ಅವನೇ ತಂದ್ಕೊಟ್ಟ" ಅಂದ್ಲು. ಮದುವೆ ಮನೇಲಿ ಆ ಪುಸ್ತಕ ಯಾರೋ ತೋರಿಸಿದಾಗ ಆಕೆ ಮುಖ ಎಲ್ಲಿಡಬೇಕು?

ದಾನ ಕೊಡೋರ ಕರುಳು ಚುರ್ ಅನ್ನಲಿ ಅಂತ ಹಿಂಗೆ ಮಾಡ್ತಾರೆ. ನನ್ನ ಮಾತು ಸ್ಪಷ್ಟ. ನಮ್ಮ ಕಷ್ಟ ತೋರಿಸಿ, ಬೇಡ ಅನ್ನಲ್ಲ, ಕಷ್ಟ ಇದೆ. ನಾಟಕ ಮಾಡಿಸಬೇಡಿ. ಫೋಟೋ ಎಲ್ಲಿ ಹಾಕ್ತೀವಿ, ಕೆಳಗೆ ಏನು ಬರೀತೀವಿ ಅಂತ ಮೊದಲು ಹೇಳಿ, ಅಚ್ಚಾದ ಮೇಲೆ ಒಂದು ಪ್ರತಿ ಆ ಮನೆಗೆ ಕೊಡಿ. ಅವರಿಗೆ ತೋರಿಸೋಕೆ ನಾಚಿಕೆ ಆಗೋ ಫೋಟೋ ಆದ್ರೆ ಅದನ್ನ ಹಾಕಬೇಡಿ.

"ನಿಮಗೆ ಇದೆಲ್ಲ ಎಲ್ಲಿ ಓದೋಕೆ ಪುರುಸೊತ್ತು?"

ಇದನ್ನ ಹೇಳಿದಾಗ ಬರೋ ಉತ್ತರ ಗೊತ್ತು. ಒಂದು, ರೈತರು ಓದಲ್ಲ. ಎರಡು, ಕನ್ನಡದಲ್ಲಿ ಅಚ್ಚು ಹಾಕಿಸೋಕೆ ದುಡ್ಡಿಲ್ಲ. ಮೂರು, ಉಪಕಾರ ಮಾಡೋಕೆ ಬಂದವರ ತಪ್ಪು ಹುಡುಕೋದು ಯಾಕೆ.

ರೈತರು ಓದಲ್ಲ ಅನ್ನೋದು ಸುಳ್ಳು. ಕೊಬ್ಬರಿ ರೇಟು ಓದ್ತೀವಿ, ಪಹಣಿ ಓದ್ತೀವಿ, ಬೀಜದ ಪಾಕೀಟಿನ ಹಿಂದೆ ಇರೋ ಇರುವೆ ಸಾಲಿನ ಅಕ್ಷರವನ್ನೂ ಓದ್ತೀವಿ. ಪುತ್ತೂರಿಂದ 1988ರಿಂದ "ಅಡಿಕೆ ಪತ್ರಿಕೆ" ಬರ್ತಿದೆ. ಶ್ರೀ ಪಡ್ರೆಯವರು ಅದರ ಸಂಪಾದಕತ್ವ ವಹಿಸಿ, ಕೃಷಿಕರ ಕೈಗೆ ಲೇಖನಿ ಅಂತ ಶಿಬಿರ ಮಾಡಿ ರೈತರಿಗೇ ಬರೆಯೋದು ಕಲಿಸಿದ್ರು. ರೈತರೇ ಬರೆದು ರೈತರೇ ಓದೋ ಪತ್ರಿಕೆ ಇಷ್ಟು ವರ್ಷ ನಡೆದಿದೆ ಅಂದ್ರೆ ಓದೋರು ಇದ್ದಾರೆ ಅಂತಾನೇ ಅರ್ಥ. ನಮಗೆ ಬೇಕಾದ್ದನ್ನ ನಮಗೆ ತಿಳಿಯೋ ಹಂಗೆ ಬರೆದ್ರೆ ಓದ್ತೀವಿ.

ಓದು ಬರದವರಿಗೂ ದಾರಿ ಇದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರ ಸುಮಾರಿಗೆ "ನಮ್ಮ ಧ್ವನಿ" ಅಂತ ಊರಿನವರದ್ದೇ ರೇಡಿಯೊ ಶುರುವಾಯ್ತು. ಮೈರಾಡ ಮತ್ತು ವಾಯ್ಸಸ್ ಅನ್ನೋ ಸಂಸ್ಥೆಗಳು ಬೆಂಬಲ ಕೊಟ್ಟವು. ಆಗ ಇಂಥ ಸಂಸ್ಥೆಗಳಿಗೆ ಗಾಳಿಯಲ್ಲಿ ಪ್ರಸಾರ ಮಾಡೋಕೆ ಲೈಸೆನ್ಸ್ ಸಿಗ್ತಿರಲಿಲ್ಲ, ಆ ನಿಯಮ ಬದಲಾಗಿದ್ದು 2006ರಲ್ಲಿ. ಅದಕ್ಕೇ ಕೇಬಲ್ ತಂತಿಯಲ್ಲಿ ಮನೆಮನೆಗೆ ಕೇಳಿಸಿದ್ರು. ಸಂಘದ ಹೆಣ್ಣುಮಕ್ಕಳೇ ಅದರಲ್ಲಿ ಮಾತಾಡಿದ್ರು.

ದುಡ್ಡಿಲ್ಲ ಅನ್ನೋದಕ್ಕೆ ಉತ್ತರ: ನಾನು ಬಣ್ಣದ ಪುಸ್ತಕ ಕೇಳ್ತಿಲ್ಲ. ಒಂದು ಡಬ್ಬ ಬಣ್ಣ, ಒಂದು ಗೋಡೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಅಂತ 1990ರಲ್ಲಿ ಒಂದು ಸಂಘಟನೆ ಹುಟ್ತು. 1994ರ ಡಿಸೆಂಬರಿನಲ್ಲಿ ಕೋಟ್‌ಕಿರಾನಾ ಅನ್ನೋ ಹಳ್ಳಿಯಲ್ಲಿ ಜನರನ್ನ ಕೂರಿಸಿ ಸರ್ಕಾರಿ ಕಾಮಗಾರಿಯ ಲೆಕ್ಕವನ್ನ ಗಟ್ಟಿಯಾಗಿ ಓದಿದ್ರು. ಯಾರ ಹೆಸರಲ್ಲಿ ಎಷ್ಟು ಕೂಲಿ ಬರೆದಿದೆ ಅಂತ ಓದಿದ್ರೆ ಸಾಕು, ಸುಳ್ಳು ಯಾವುದು ಅಂತ ಜನರೇ ಹೇಳಿದ್ರು. ಮುಂದೆ ಲೆಕ್ಕಗಳನ್ನ ಊರಿನ ಗೋಡೆ ಮೇಲೆ ಬರೆಯೋದೂ ಅಲ್ಲಿ ರೂಢಿ ಆಯ್ತು. 2005ರ ಮಾಹಿತಿ ಹಕ್ಕು ಕಾಯ್ದೆಗೆ ಆ ಹೋರಾಟವೂ ಒಂದು ಬೇರು. ಕಂಪ್ಯೂಟರ್ ಇಲ್ಲ, ಲಾಂಛನ ಇಲ್ಲ. ಓದಿದ್ರು, ಜನ ಕೇಳಿದ್ರು.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ, ಮಹಿಳಾ ಸಂಘಗಳು. ಮೈರಾಡ ಎಂಬತ್ತರ ದಶಕದಲ್ಲಿ ಸಣ್ಣ ಸಣ್ಣ ಗುಂಪು ಕಟ್ತು, 1992ರಲ್ಲಿ ನಬಾರ್ಡ್ ಅಂಥ ಗುಂಪುಗಳಿಗೆ ಬ್ಯಾಂಕ್ ಸಾಲದ ಪ್ರಯೋಗ ಶುರು ಮಾಡ್ತು. ಅದು ಯಾಕೆ ಬೇರು ಬಿಡ್ತು? ವಾರವಾರ ಕೂತು, ಯಾರು ಎಷ್ಟು ಕಟ್ಟಿದ್ರು, ಯಾರು ಎಷ್ಟು ತಗೊಂಡ್ರು ಅಂತ ಎಲ್ಲರ ಎದುರಿಗೆ ಪುಸ್ತಕ ಓದ್ತಾರೆ. ಹೆಬ್ಬೆಟ್ಟು ಒತ್ತೋ ಅಜ್ಜಿಗೂ ಸಂಘದ ಲೆಕ್ಕ ಬಾಯಲ್ಲೇ ಇರುತ್ತೆ. "ಸ್ವಸಹಾಯ ಗುಂಪು" ಅಂತ ಕಾಗದದಲ್ಲಿ ಇರಲಿ, ಜನ ಅದನ್ನ "ನಮ್ಮ ಸಂಘ" ಅಂದ್ರು. ಜಲಾನಯನ ಸಮಿತಿಯನ್ನ ಯಾರಾದ್ರೂ ನಮ್ಮ ಸಮಿತಿ ಅಂತ ಅಂದಿದ್ದು ಕೇಳಿದ್ದೀರಾ?

ಇನ್ನು ಉಪಕಾರದ ಮಾತು. ಬಿತ್ತನೆ ಬೀಜ ಬಿಟ್ಟಿ ಕೊಟ್ಟವನಿಗೂ ಇದು ಯಾವ ತಿಂಗಳ ಬೀಜ ಅಂತ ಕೇಳೋದು ರೈತನ ಧರ್ಮ. ಕೇಳಿದ್ರೆ ಮರ್ಯಾದೆ ಕಳೆದಂಗಲ್ಲ. ಅಷ್ಟೇ ಅಲ್ಲ, ಸರ್ಕಾರದಿಂದ ಗಣನೀಯ ಹಣ ಪಡೆಯೋ ಸಂಸ್ಥೆಗಳು ಮಾಹಿತಿ ಹಕ್ಕಿನ ಕಾಯ್ದೆಗೆ ಒಳಪಡ್ತವೆ ಅಂತ ಸುಪ್ರೀಂ ಕೋರ್ಟೇ 2019ರಲ್ಲಿ ಹೇಳಿದೆ. ಅರ್ಜಿ ಹಾಕೋವರೆಗೆ ಹೋಗೋದು ಯಾಕೆ, ಮೊದಲೇ ಹೇಳಿಬಿಡಲಿ.

ನಾವು ಕೇಳಬೇಕಾದ್ದು

ಸಂಸ್ಥೆಗಳಿಗೆ ನಾನು ಹೇಳೋದು ಇಷ್ಟು. ನಿಮ್ಮ ಕರಪತ್ರ ಅಚ್ಚಿಗೆ ಕಳಿಸೋ ಮುಂಚೆ ಊರಿನ ಇಬ್ಬರಿಗೆ ಓದಿ ಹೇಳಿ. ಒಬ್ಬರು ಏಳನೇ ಕ್ಲಾಸ್ ಓದಿದ ಹೆಣ್ಣುಮಗಳು ಇರಲಿ, ಒಬ್ಬರು ಓದೇ ಇಲ್ಲದ ವಯಸ್ಸಾದವರು ಇರಲಿ. ಓದಿದ ಮೇಲೆ "ಅರ್ಥ ಆಯ್ತಾ" ಅಂತ ಕೇಳಬೇಡಿ, ಮರ್ಯಾದೆಗೆ ಎಲ್ಲರೂ ಹೂಂ ಅಂತಾರೆ. "ಈಗ ನೀವು ನಾಳೆ ಏನು ಮಾಡ್ತೀರಿ" ಅಂತ ಕೇಳಿ. ಅವರು ಹೇಳಿದ್ದು ನೀವು ಅಂದ್ಕೊಂಡಿದ್ದೇ ಆದ್ರೆ ಅಚ್ಚು ಹಾಕಿ. ಇಲ್ಲದಿದ್ರೆ ಅವರು ಹೇಳಿದ ಮಾತಲ್ಲೇ ತಿದ್ದಿ ಬರೀರಿ. ಕಂಪನಿಗೆ ಕಳಿಸೋ ವರದಿಯ ಎರಡು ಪುಟದ ಸಾರ ಕನ್ನಡದಲ್ಲಿ ಮಾಡಿ ಮೊದಲು ಊರ ಕಟ್ಟೆ ಮೇಲೆ ಓದಿ, ಆಮೇಲೆ ಬೆಂಗಳೂರಿಗೆ ಕಳಿಸಿ. ಅದರಲ್ಲಿ ಏನು ಕೈಕೊಡ್ತು ಅನ್ನೋದೂ ಇರಲಿ. ನೆಟ್ಟ ಗಿಡದಲ್ಲಿ ಅರ್ಧ ಒಣಗಿದ್ರೆ ಅದು ನಮಗೆ ಗೊತ್ತೇ ಇರುತ್ತೆ, ದಿನಾ ಅದೇ ದಾರೀಲಿ ಓಡಾಡೋರು ನಾವು. ನೀವು ಮುಚ್ಚಿಟ್ಟು ಯಾರನ್ನ ನಂಬಿಸಬೇಕು?

ನಮ್ಮವರಿಗೆ ಹೇಳೋದು ಇನ್ನೂ ಮುಖ್ಯ. ಮುಂದಿನ ಸಲ ಯಾವುದೇ ಸಂಸ್ಥೆ ಊರಿಗೆ ಬಂದು ಹಾಜರಿ ಪುಸ್ತಕ ಮುಂದೆ ಇಟ್ಟರೆ, ಸಹಿ ಹಾಕೋ ಮುಂಚೆ ಐದು ಪ್ರಶ್ನೆ ಕೇಳಿ:

1. ಈ ಕೆಲಸಕ್ಕೆ ಒಟ್ಟು ಎಷ್ಟು ದುಡ್ಡು, ಯಾರು ಕೊಟ್ಟಿದ್ದು, ಅದರಲ್ಲಿ ನಮ್ಮೂರಿಗೆ ಎಷ್ಟು?

2. ನೀವು ಎಷ್ಟು ವರ್ಷ ಇರ್ತೀರಿ, ಯಾವ ತಿಂಗಳು ಹೋಗ್ತೀರಿ?

3. ನೀವು ಹೋದ ಮೇಲೆ ಕೆಟ್ಟುಹೋದ್ರೆ ಯಾರು ರಿಪೇರಿ ಮಾಡಬೇಕು, ದುಡ್ಡು ಯಾವ ಬ್ಯಾಂಕಿನಲ್ಲಿ ಇರುತ್ತೆ, ಸಹಿ ಯಾರದ್ದು?

4. ಇದು ಎಲ್ಲೆಲ್ಲಿ ಕೈಕೊಟ್ಟಿದೆ, ಯಾಕೆ?

5. ಇದನ್ನ ನಮಗಿಂತ ಮುಂಚೆ ಮಾಡಿದ ಊರು ಯಾವುದು, ಅಲ್ಲಿಗೆ ಹೋಗಿ ನೋಡಬಹುದಾ?

ಉತ್ತರ ಸಿಕ್ಕ ಮೇಲೆ ಅದನ್ನ ಹಾಲಿನ ಡೇರಿ ಗೋಡೆ ಮೇಲೋ, ಶಾಲೆ ಕಾಂಪೌಂಡ್ ಮೇಲೋ ಬರೆಸಿ. ಡೇರಿ ಒಳ್ಳೆದು, ದಿನಕ್ಕೆರಡು ಸಲ ಎಲ್ಲರೂ ಬರ್ತಾರೆ. ಉತ್ತರ ಕೊಡೋ ಸಂಸ್ಥೆಯವರನ್ನ ಮನೆಗೆ ಕರೆದು ಊಟ ಹಾಕಿ, ಅಂಥವರು ಬೇಕು ನಮಗೆ. "ಅದೆಲ್ಲ ಮೇಲಿನವರಿಗೆ ಗೊತ್ತು" ಅಂದ್ರೆ, ಮೇಲಿನವರನ್ನ ಕರ್ಕೊಂಡು ಬನ್ನಿ ಆಮೇಲೆ ಸಹಿ ಹಾಕ್ತೀವಿ ಅನ್ನಿ. ನಲವತ್ತು ಜನ ಒಟ್ಟಿಗೆ ಹಂಗಂದ್ರೆ ಅವರು ಬಂದೇ ಬರ್ತಾರೆ, ಯಾಕಂದ್ರೆ ನಮ್ಮ ಸಹಿ ಇಲ್ಲದೆ ಅವರ ವರದಿಯೂ ಮುಗಿಯಲ್ಲ.

ನಮ್ಮೂರಲ್ಲಿ ಆ ಸಮಿತಿಯ ಖಾತೆಗೆ ಹೊಸದಾಗಿ ಇಬ್ಬರ ಸಹಿ ಮಾಡಿಸೋಕೆ ಓಡಾಡ್ತಿದ್ದೀವಿ. ಹಳೇ ಸಹಿಯವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಬ್ಯಾಂಕಿನವರು ಸಭೆಯ ಠರಾವು ತನ್ನಿ ಅಂದಿದ್ದಾರೆ. ಹಿಂಗಾರು ಶುರುವಾಗೋ ಮುಂಚೆ ಕೊರಕಲು ಮುಚ್ಚಬೇಕು. ನಿಮ್ಮ ಊರಲ್ಲೂ ಹಳೇ ಜಲಾನಯನ ಸಮಿತಿ ಇದ್ರೆ ಇವತ್ತೇ ಹೋಗಿ ಹಳೇ ಅಧ್ಯಕ್ಷರ ಬೀರು ತೆಗೆಸಿ ನೋಡಿ. ಪಾಸ್‌ಬುಕ್ ಸಿಕ್ಕಿದ್ರೆ ನನಗೂ ತಿಳಿಸಿ, ಠರಾವು ಹೆಂಗೆ ಬರೀಬೇಕು ಅನ್ನೋ ನಕಲು ಕಳಿಸ್ತೀನಿ. ಸರಳ ಕನ್ನಡದಲ್ಲೇ ಬರೆದಿದ್ದೀವಿ.